ಅಪಘಾತವಾದ ಕಾರು: ರಿಪೇರಿ ಮಾಡಿಸೋದಾ, ಬಿಟ್ಟು ಬೇರೆ ಕಾರು ತಗೊಳ್ಳೋದಾ?

ಕಾರಿಗೆ ಅಪಘಾತವಾದ ಮರುದಿನ ಎಲ್ಲರ ಬಾಯಲ್ಲೂ ಬರುವ ಮೊದಲ ಪ್ರಶ್ನೆ, "ಎಷ್ಟು ಖರ್ಚಾಗುತ್ತೆ?" ಕೇಳಲೇಬೇಕಾದ ಪ್ರಶ್ನೆ ಅದು, ಆದರೆ ಅದಕ್ಕಿಂತ ಮೊದಲು ಕೇಳಬೇಕಾದದ್ದು ಇನ್ನೊಂದಿದೆ. ದುಡ್ಡು ಸುರಿದರೆ ಬಹುಪಾಲು ಕಾರುಗಳನ್ನು ಮತ್ತೆ ರಸ್ತೆಗೆ ಇಳಿಸಬಹುದು. ಹೊಸದರಂತೆ ಹೊಳೆಯುವ ಹಾಗೆ ಪೇಂಟ್ ಕೂಡ ಮಾಡಬಹುದು. ಇನ್ನೊಂದು ಸಲ ಗುದ್ದು ಬಿದ್ದರೆ ಆ ಕಾರು ಒಳಗೆ ಕೂತವರನ್ನು ಮೊದಲಿನಷ್ಟೇ ಕಾಪಾಡುತ್ತದಾ? ಮೊದಲು ಇದನ್ನು ಕೇಳಬೇಕು.

ಹಾಗಾಗಿ ಈ ಬರಹದ ಕ್ರಮ ಹೀಗಿದೆ: ಮೊದಲು ಕಾರಿನ ಮೈಕಟ್ಟು, ಆಮೇಲೆ ಏರ್‌ಬ್ಯಾಗ್ ಮತ್ತು ಬೆಲ್ಟ್, ಆಮೇಲೆ ಎಸ್ಟಿಮೇಟ್, ಆಮೇಲೆ ಲೆಕ್ಕ, ಕೊನೆಗೆ ವಿಮೆ. ದುಡ್ಡಿನಿಂದ ಶುರು ಮಾಡಿದರೆ, ಕಡಿಮೆ ಎಸ್ಟಿಮೇಟ್ ಕೊಟ್ಟವರ ಕಡೆಗೇ ಮನಸ್ಸು ವಾಲುತ್ತದೆ. ಕಡಿಮೆ ಎಸ್ಟಿಮೇಟ್ ಎಂದರೆ ಎಷ್ಟೋ ಸಲ ಪೂರ್ತಿ ನೋಡದೆ ಕೊಟ್ಟ ಎಸ್ಟಿಮೇಟ್.

ಹಂತ 1: ಹಾನಿ ಜಾಸ್ತಿಯಾಗದಂತೆ ನೋಡಿಕೊಳ್ಳಿ

ಜನರಿಗೆ ಏನಾಗಿದೆ ಎಂದು ನೋಡಿದ ಮೇಲಷ್ಟೇ ಕಾರಿನ ಮಾತು. "ಸ್ಟಾರ್ಟ್ ಆಗ್ತಿದೆಯಲ್ಲ, ಮನೆವರೆಗೆ ಓಡಿಸಿಕೊಂಡು ಹೋಗೋಣ" ಅನ್ನುವ ಆಸೆ ಬೇಡ. ಮುಂದಿನಿಂದ ಗುದ್ದಿದ್ದರೆ ರೇಡಿಯೇಟರ್ ಸೀಳಿರುವ ಸಾಧ್ಯತೆ ಇದೆ. ಕೂಲೆಂಟ್ ಸೋರಿ ಖಾಲಿಯಾದ ಮೇಲೆ ಸ್ವಲ್ಪ ದೂರ ಓಡಿಸಿದರೂ ಎಂಜಿನ್ ಕಾದು ಹೆಡ್ ಗ್ಯಾಸ್ಕೆಟ್ (ಎಂಜಿನ್ ಒಳಗಿನ ಸೀಲ್) ಹೋಗಬಹುದು. ಬಂಪರ್ ಮತ್ತು ರೇಡಿಯೇಟರ್‌ನಲ್ಲಿ ಮುಗಿಯುತ್ತಿದ್ದ ಕೆಲಸ ಎಂಜಿನ್ ಬಿಚ್ಚುವ ಕೆಲಸವಾಗುತ್ತದೆ. ಅದೂ ಅಲ್ಲದೆ, ಅಪಘಾತದ ನಂತರ ಓಡಿಸಿದ್ದರಿಂದ ಆದ ಹಾನಿಗೆ ಹಣ ಕೊಡುವುದಿಲ್ಲ ಎಂದು ವಿಮೆಯವರು ಹೇಳಬಹುದು.

ಕಾರಿನ ಕೆಳಗೆ ದ್ರವ ಸೋರುತ್ತಿದೆಯಾ, ಟೈರ್ ಎಲ್ಲಾದರೂ ಬಾಡಿಗೆ ಉಜ್ಜುತ್ತಿದೆಯಾ, ಸ್ಟೀರಿಂಗ್ ನೇರ ಇದ್ದರೂ ಚಕ್ರ ಓರೆಯಾಗಿದೆಯಾ, ಏರ್‌ಬ್ಯಾಗ್ ಅಥವಾ ಬ್ರೇಕ್ ದೀಪ ಉರಿಯುತ್ತಿದೆಯಾ ನೋಡಿ. ಒಂದಕ್ಕೆ ಹೌದು ಅನಿಸಿದರೂ ಟೋಯಿಂಗ್ ಗಾಡಿ ಕರೆಸಿ. ನಾಲ್ಕೂ ಮೂಲೆಗಳಿಂದ ಫೋಟೋ ತೆಗೆಯಿರಿ. ಜೊತೆಗೆ ಹಾನಿಯ ಹತ್ತಿರದ ಫೋಟೋ, ಓಡೋಮೀಟರ್, ನಂಬರ್ ಪ್ಲೇಟ್, ಹಾನಿಯಾಗದ ಬದಿಯ ಫೋಟೋ ಕೂಡ ಇರಲಿ. ಕಾರನ್ನು ಚೆನ್ನಾಗಿ ಇಟ್ಟುಕೊಂಡಿದ್ದಿರಿ ಎಂದು ಮುಂದೆ ತೋರಿಸಲು ಆ ಕೊನೆಯ ಫೋಟೋ ಕೆಲಸಕ್ಕೆ ಬರುತ್ತದೆ.

ಕಾರು ಎಲ್ಲಿ ಹೋಗಿ ನಿಲ್ಲುತ್ತದೆ ಎಂಬುದನ್ನೂ ವಿಚಾರಿಸಿ. ಕೆಲವು ಯಾರ್ಡ್‌ಗಳಲ್ಲಿ ದಿನಕ್ಕಿಷ್ಟು ಎಂದು ನಿಲುಗಡೆ ಬಾಡಿಗೆ ಏರುತ್ತಾ ಹೋಗುತ್ತದೆ. ನೀವು ಯೋಚಿಸುತ್ತಾ ಕೂತಷ್ಟು ದಿನವೂ ಅದು ನಿಮ್ಮ ಲೆಕ್ಕಕ್ಕೇ ಬೀಳುತ್ತದೆ.

ಹಂತ 2: ಮೈಕಟ್ಟು ಬಾಗಿದೆಯಾ?

ಇಡೀ ನಿರ್ಧಾರ ನಿಂತಿರುವುದು ಇಲ್ಲಿ. ಸಮಯ ಕೊಟ್ಟು ಅರ್ಥ ಮಾಡಿಕೊಳ್ಳಿ.

ಇಂದಿನ ಹೆಚ್ಚಿನ ಕಾರುಗಳಿಗೆ ಲಾರಿಗಿರುವ ಹಾಗೆ ಪ್ರತ್ಯೇಕ ಚಾಸಿ ಇಲ್ಲ. ತಗಡಿನ ತುಂಡುಗಳನ್ನು ವೆಲ್ಡ್ ಮಾಡಿ ಜೋಡಿಸಿದ ಬಾಡಿಯೇ ಚಾಸಿಯ ಕೆಲಸ ಮಾಡುತ್ತದೆ. ಇದನ್ನು ಮೋನೊಕಾಕ್ ಎನ್ನುತ್ತಾರೆ. ಇದರಲ್ಲಿ ಮುಂದಿನ ಮತ್ತು ಹಿಂದಿನ ಭಾಗ ಗುದ್ದಿದಾಗ ಮುದುಡಿಕೊಳ್ಳುವ ಹಾಗೆಯೂ, ಜನ ಕೂರುವ ನಡುಭಾಗ ಗಟ್ಟಿಯಾಗಿ ನಿಲ್ಲುವ ಹಾಗೆಯೂ ವಿನ್ಯಾಸ ಇರುತ್ತದೆ. ಈ ವಿಚಾರವನ್ನು ಮರ್ಸಿಡಿಸ್ ಬೆಂಜ್‌ನ ಎಂಜಿನಿಯರ್ ಬೇಲಾ ಬಾರೆನಿ 1950ರ ದಶಕದ ಆರಂಭದಲ್ಲೇ ಪೇಟೆಂಟ್ ಮಾಡಿಸಿದ್ದರು. 1959ರಲ್ಲಿ ಬಂದ ಆ ಕಂಪನಿಯ ಡಬ್ಲ್ಯು111 ಕಾರಿನಲ್ಲಿ ಅದು ರಸ್ತೆಗೆ ಇಳಿಯಿತು. ಮುಂಭಾಗ ಮುದುಡಿ ಹೋಗಿದೆ ಎಂದರೆ ಕಾರು ತನ್ನ ಕೆಲಸ ಮಾಡಿದೆ ಎಂದರ್ಥ. ಆದರೆ ಒಮ್ಮೆ ಮುದುಡಿದ ಉಕ್ಕನ್ನು ಎಳೆದು ನೇರ ಮಾಡಿ ಪೇಂಟ್ ಹೊಡೆದರೆ, ಮುಂದಿನ ಸಲ ಅದು ಅದೇ ರೀತಿ, ಅದೇ ಜಾಗದಲ್ಲಿ ಮುದುಡುತ್ತದೆ ಎಂದು ಹೇಳಲಾಗದು.

ಹಾನಿಯನ್ನು ಮೂರು ಪದರವಾಗಿ ನೋಡಿ.

ಹೊರ ಪದರ ಬೋಲ್ಟ್ ಹಾಕಿ ಕೂರಿಸಿದ ಭಾಗಗಳು: ಬಂಪರ್, ಬಾನೆಟ್, ಮುಂದಿನ ಫೆಂಡರ್, ಬಾಗಿಲು, ಹೆಡ್‌ಲೈಟ್, ಡಿಕ್ಕಿಯ ಮುಚ್ಚಳ. ಇವು ಎಷ್ಟೇ ನಜ್ಜುಗುಜ್ಜಾಗಿದ್ದರೂ ಬಿಚ್ಚಿ ಹೊಸದು ಹಾಕಿದರೆ ಆಯಿತು. ನೋಡಲು ಭಯಂಕರ, ಒಳಗೆ ಏನೂ ಇಲ್ಲ ಅನ್ನುವ ಅಪಘಾತಗಳು ಬಹಳ.

ನಡುವಿನ ಪದರ ಗುದ್ದನ್ನು ಹೀರಿಕೊಳ್ಳುವ ಭಾಗಗಳು: ಬಂಪರಿನ ಹಿಂದಿನ ಅಡ್ಡಪಟ್ಟಿ, ಅದರ ಹಿಂದಿನ ಕ್ರಶ್ ಬಾಕ್ಸ್‌ಗಳು, ಎಂಜಿನ್‌ನ ಎರಡೂ ಬದಿಗೆ ಉದ್ದಕ್ಕೆ ಹೋಗುವ ರೈಲ್‌ಗಳು, ಚಕ್ರದ ಒಳಬದಿಯ ತಗಡಾದ ಏಪ್ರನ್. ಎಷ್ಟೋ ಮಾದರಿಗಳಲ್ಲಿ ಅಡ್ಡಪಟ್ಟಿ ಮತ್ತು ಕ್ರಶ್ ಬಾಕ್ಸ್ ಬೋಲ್ಟ್ ಆಗಿರುತ್ತವೆ, ಬದಲಾಯಿಸುವುದು ಸುಲಭ. ಹಾನಿ ರೈಲಿನವರೆಗೆ ಹೋಗಿದ್ದರೆ ಕೆಲಸ ಗಂಭೀರವಾಗುತ್ತದೆ. ಮಾಡಲಾಗದ್ದೇನಲ್ಲ, ಆದರೆ ಸರಿಯಾದ ಸಲಕರಣೆ ಇರುವ ಬಾಡಿ ಶಾಪ್ ಬೇಕು.

ಒಳ ಪದರ ಜನ ಕೂರುವ ಗೂಡು: ರೂಫನ್ನು ಹೊತ್ತ ಎ, ಬಿ, ಸಿ ಪಿಲ್ಲರ್‌ಗಳು, ಬಾಗಿಲ ಕೆಳಗಿನ ಸಿಲ್, ನೆಲದ ತಗಡು, ರೂಫಿನ ಅಂಚು, ಎಂಜಿನ್ ಮತ್ತು ಕ್ಯಾಬಿನ್ ನಡುವಿನ ಫೈರ್‌ವಾಲ್. ಇಲ್ಲಿ ಬಾಗಿದ್ದರೆ ಮನಸ್ಸನ್ನು ಬೇರೆ ಕಾರಿನ ಕಡೆ ತಿರುಗಿಸಲು ಶುರು ಮಾಡಿ. ಈ ಭಾಗಗಳಲ್ಲಿ ಬೋರಾನ್ ಸೇರಿಸಿದ ಅತಿ ಗಟ್ಟಿ ಉಕ್ಕು ಇರುವುದು ಈಗ ಸಾಮಾನ್ಯ. ಅದನ್ನು ಕಾಯಿಸಿ ಬಡಿದರೆ ಗಟ್ಟಿತನ ಕಳೆದುಕೊಳ್ಳುತ್ತದೆ. ತಯಾರಕರು ಹೇಳಿದ ಜಾಗದಲ್ಲಿ, ಹೇಳಿದ ವಿಧಾನದಲ್ಲೇ ಕತ್ತರಿಸಿ ಹೊಸ ಭಾಗ ಕೂಡಿಸಬೇಕು. "ಎಳೆದು ಕೂರಿಸ್ತೀವಿ, ಏನೂ ಆಗಲ್ಲ" ಎಂದು ಯಾರಾದರೂ ಪಿಲ್ಲರ್ ಬಗ್ಗೆ ಹೇಳಿದರೆ ಕಾರನ್ನು ಅಲ್ಲಿಂದ ತೆಗೆಯಿರಿ.

ನೀವೇ ನೋಡಬಹುದಾದ ಗುರುತುಗಳೂ ಇವೆ. ಬಾಗಿಲು ಮತ್ತು ಫೆಂಡರ್ ನಡುವಿನ ಸಂದು ಮೇಲಿನಿಂದ ಕೆಳಗೆ ಒಂದೇ ಅಗಲ ಇದೆಯಾ? ಎಡ ಬಲ ಹೋಲಿಸಿ ನೋಡಿ. ಪೆಟ್ಟು ಬೀಳದ ಬಾಗಿಲು ಹಾಕುವಾಗ ಎತ್ತಿ ಹಾಕಬೇಕಾಗಿದೆಯಾ? ರೂಫಿನಲ್ಲಿ, ಹಿಂದಿನ ಚಕ್ರದ ಮೇಲಿನ ತಗಡಿನಲ್ಲಿ ಸಣ್ಣ ಅಲೆ ಕಾಣುತ್ತಿದೆಯಾ? ಗುದ್ದಿದ್ದು ಮುಂದೆ, ಸುಕ್ಕು ಬಿದ್ದಿರುವುದು ಹಿಂದೆ ಎಂದಾದರೆ ಬಲ ಇಡೀ ಮೈಯಲ್ಲಿ ಹಾದುಹೋಗಿದೆ. ಡಿಕ್ಕಿಯ ಮ್ಯಾಟ್ ಎತ್ತಿ, ಸ್ಟೆಪ್ನಿ ಕೂರುವ ಗುಂಡಿ ನೋಡಿ. ಬಾನೆಟ್ ಎತ್ತಿ ಕೀಲುಗಳಲ್ಲಿನ ಸೀಲೆಂಟ್ ಬಿರುಕು ಬಿಟ್ಟಿದೆಯಾ, ಸ್ಪಾಟ್ ವೆಲ್ಡ್ ಕಿತ್ತಿದೆಯಾ ನೋಡಿ.

ಕಣ್ಣಳತೆ ಇಷ್ಟಕ್ಕೇ ಸಾಕು. ಮುಂದೆ ಅಳತೆಯೇ ಬೇಕು. ಒಳ್ಳೆಯ ಬಾಡಿ ಶಾಪ್‌ನಲ್ಲಿ ಕಾರನ್ನು ಬೆಂಚಿನ (ಕಾರು ಕಟ್ಟಿ ನಿಲ್ಲಿಸುವ ಗಟ್ಟಿ ಚೌಕಟ್ಟಿನ) ಮೇಲೆ ಕೂರಿಸಿ, ಅಡಿಯಲ್ಲಿರುವ ಗೊತ್ತಾದ ಬಿಂದುಗಳನ್ನು ಎಲೆಕ್ಟ್ರಾನಿಕ್ ಆಗಿ ಅಳೆದು ತಯಾರಕರ ಅಳತೆಗೆ ಹೋಲಿಸುತ್ತಾರೆ. ಸಾಮಾನ್ಯವಾಗಿ 3 ಮಿಲಿಮೀಟರ್ ಒಳಗಿನ ವ್ಯತ್ಯಾಸವನ್ನು ಒಪ್ಪುತ್ತಾರೆ. ಈ ಅಳತೆಯ ಪ್ರಿಂಟ್ ಕೇಳಿ ತಗೊಳ್ಳಿ. ಅದು ಕೈಗೆ ಬರುವವರೆಗೆ ರಿಪೇರಿಗೆ ಒಪ್ಪಿಗೆಯ ಸಹಿ ಹಾಕಬೇಡಿ. ಜೊತೆಗೆ ಚಕ್ರಗಳ ಅಲೈನ್‌ಮೆಂಟ್ ವರದಿಯೂ ಬೇಕು. ಹೊಂದಿಸುವ ಅವಕಾಶವೆಲ್ಲ ಬಳಸಿದರೂ ಕ್ಯಾಂಬರ್, ಕ್ಯಾಸ್ಟರ್ ಎಂಬ ಚಕ್ರದ ಕೋನಗಳ ಅಳತೆ ಸರಿಗೆ ಬರುತ್ತಿಲ್ಲ ಎಂದರೆ ಚಕ್ರವನ್ನು ಹಿಡಿದಿರುವ ಲೋವರ್ ಆರ್ಮ್, ನಕಲ್, ಸಬ್‌ಫ್ರೇಮ್ ಅಥವಾ ಬಾಡಿ ಯಾವುದೋ ಒಂದು ಬಾಗಿದೆ.

ಇನ್ನೊಂದು ವಿಷಯ. ಸೆಕೆಂಡ್ ಹ್ಯಾಂಡ್ ಆಗಿ ತಗೊಂಡ ಕಾರಾದರೆ, ಅದು ಮೊದಲೇ ಒಮ್ಮೆ ಅಪಘಾತವಾಗಿ ರಿಪೇರಿಯಾಗಿದ್ದಿರಬಹುದು. ಪೇಂಟ್ ದಪ್ಪ ಅಳೆಯುವ ಮೀಟರ್ ಇಟ್ಟರೆ ಇದು ಬಯಲಾಗುತ್ತದೆ. ಫ್ಯಾಕ್ಟರಿ ಪೇಂಟ್ ಸುಮಾರು 100ರಿಂದ 150 ಮೈಕ್ರಾನ್ ಆಸುಪಾಸಿನಲ್ಲಿರುತ್ತದೆ. ಪುಟ್ಟಿ ಮೆತ್ತಿದ ಜಾಗದಲ್ಲಿ ಅದು ಹಲವು ನೂರು ಮೈಕ್ರಾನ್ ದಾಟುತ್ತದೆ. ಹಳೆಯ ಟಿಂಕರಿಂಗ್ ಕೆಲಸದ ಮೇಲೆ ಮತ್ತೆ ಗುದ್ದು ಬಿದ್ದಿದ್ದರೆ ನಾನಂತೂ ರಿಪೇರಿಯ ಪರ ಇಲ್ಲ.

ಹಂತ 3: ಏರ್‌ಬ್ಯಾಗ್ ಮತ್ತು ಬೆಲ್ಟ್

ಏರ್‌ಬ್ಯಾಗ್ ತೆರೆದುಕೊಂಡ ಕೂಡಲೇ ಖರ್ಚಿನ ಸ್ವರೂಪ ಬದಲಾಗುತ್ತದೆ. ಒಂದು ಬ್ಯಾಗ್ ಬದಲಾಯಿಸಿದರೆ ಮುಗಿಯುವುದಿಲ್ಲ. ಅದರ ಜೊತೆಗೆ ಅಪಘಾತದ ಮಾಹಿತಿ ದಾಖಲಾದ ಕಂಟ್ರೋಲ್ ಮಾಡ್ಯೂಲ್, ಗುದ್ದು ಗುರುತಿಸುವ ಸೆನ್ಸರ್‌ಗಳು, ಸ್ಟೀರಿಂಗ್ ಒಳಗೆ ಬ್ಯಾಗಿಗೆ ವಿದ್ಯುತ್ ಸಂಪರ್ಕ ಕೊಡುವ ಕ್ಲಾಕ್ ಸ್ಪ್ರಿಂಗ್, ಹರಿದ ಡ್ಯಾಶ್‌ಬೋರ್ಡ್, ಕೆಲವೊಮ್ಮೆ ಬ್ಯಾಗ್ ತಗುಲಿ ಬಿರುಕು ಬಿಟ್ಟ ಮುಂದಿನ ಗಾಜು, ಎಲ್ಲವನ್ನೂ ತಯಾರಕರ ಪಟ್ಟಿಯಂತೆ ನೋಡಬೇಕು. ಬೆಲ್ಟನ್ನು ಕ್ಷಣದಲ್ಲಿ ಬಿಗಿಯುವ ಪ್ರಿಟೆನ್ಷನರ್ ಒಳಗೆ ಸಣ್ಣ ಸಿಡಿಮದ್ದು ಇರುತ್ತದೆ. ಅದು ಒಮ್ಮೆ ಸಿಡಿದರೆ ಮುಗಿಯಿತು, ಹೊಸದೇ ಬೇಕು. ಏರ್‌ಬ್ಯಾಗ್ ತೆರೆಯದಿದ್ದರೂ ಪ್ರಿಟೆನ್ಷನರ್ ಕೆಲಸ ಮಾಡಿರಬಹುದು. ಅಪಘಾತದ ನಂತರ ಬೆಲ್ಟ್ ಗಟ್ಟಿಯಾಗಿ ನಿಂತು ಎಳೆದರೆ ಬರುತ್ತಿಲ್ಲ ಎಂದರೆ ಹಾಗೇ ಆಗಿರುವುದು ಹೆಚ್ಚು.

ಹಳೆಯ ಕಾರಿನಲ್ಲಿ ಎರಡು ಮೂರು ಬ್ಯಾಗ್ ತೆರೆದರೆ, ಬಾಡಿ ನೆಟ್ಟಗಿದ್ದರೂ ಈ ಒಂದೇ ಖರ್ಚಿನಿಂದ ಕಾರು ಟೋಟಲ್ ಲಾಸ್ (ರಿಪೇರಿ ಮಾಡಿಸಿ ಲಾಭವಿಲ್ಲ, ಪೂರ್ತಿ ನಷ್ಟ ಎಂದು ವಿಮೆಯವರು ಹೇಳುವುದು) ಆಗಬಹುದು. ಆಗ "ಕಡಿಮೆ ಬೆಲೆಗೆ ಸಿಗುತ್ತೆ" ಎಂದು ಎಲ್ಲಿಂದಲೋ ತಂದ ಬ್ಯಾಗ್ ಹಾಕುವ ಮಾತು ಬರುತ್ತದೆ. ದಯವಿಟ್ಟು ಒಪ್ಪಬೇಡಿ. ಬ್ಯಾಗನ್ನು ಉಬ್ಬಿಸುವ ಅಗ್ಗದ ಕಳಪೆ ಇನ್‌ಫ್ಲೇಟರ್‌ಗಳು ಸಿಡಿದಾಗ ಲೋಹದ ಚೂರುಗಳು ಚಾಲಕರಿಗೆ ಹೊಕ್ಕು ಸಾವುಗಳಾಗಿವೆ ಎಂದು ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ 2024ರಲ್ಲಿ ಎಚ್ಚರಿಸಿತ್ತು. ಹೊಸ ಅಸಲಿ ಬ್ಯಾಗ್ ಹಾಕಿಸುವಷ್ಟು ದುಡ್ಡು ಈ ಕಾರಿಗೆ ಹಾಕುವುದು ಲಾಭವಿಲ್ಲ ಅನಿಸಿದರೆ, ಆ ಕಾರನ್ನು ಬಿಡುವುದೇ ಸರಿ. ಬ್ಯಾಗ್ ಇಲ್ಲದೆ ಅಥವಾ ನಕಲಿ ಬ್ಯಾಗ್ ಹಾಕಿ ಓಡಿಸುವುದು ಮೂರನೇ ಆಯ್ಕೆ ಅಲ್ಲ.

ಮಕ್ಕಳ ಸೀಟು ಕಟ್ಟಿದ್ದರೆ ಅದನ್ನೂ ಲೆಕ್ಕಕ್ಕೆ ಸೇರಿಸಿ. ದೊಡ್ಡ ಅಥವಾ ಮಧ್ಯಮ ಅಪಘಾತವಾದ ಮೇಲೆ ಅದನ್ನು ಬದಲಾಯಿಸಲೇಬೇಕು. ಎನ್‌ಎಚ್‌ಟಿಎಸ್‌ಎ ಸಂಸ್ಥೆ ಸಣ್ಣ ಅಪಘಾತ ಎಂದು ಕರೆಯುವುದು ಇವೆಲ್ಲ ಒಟ್ಟಿಗೆ ಇದ್ದರೆ ಮಾತ್ರ: ಕಾರು ಓಡಿಸುವ ಸ್ಥಿತಿಯಲ್ಲಿದೆ, ಸೀಟಿನ ಹತ್ತಿರದ ಬಾಗಿಲಿಗೆ ಪೆಟ್ಟಿಲ್ಲ, ಯಾರಿಗೂ ಗಾಯವಿಲ್ಲ, ಏರ್‌ಬ್ಯಾಗ್ ತೆರೆದಿಲ್ಲ, ಸೀಟಿಗೆ ಕಣ್ಣಿಗೆ ಕಾಣುವ ಹಾನಿಯಿಲ್ಲ. ಸಣ್ಣದೇ ಆದರೂ ಬದಲಾಯಿಸಿ ಎನ್ನುವ ಸೀಟ್ ಕಂಪನಿಗಳೂ ಇವೆ, ಅದರ ಕೈಪಿಡಿ ನೋಡಿ.

ಹಂತ 4: ಸೆನ್ಸರ್, ಕ್ಯಾಮೆರಾ, ಬ್ಯಾಟರಿ

ಹೊಸ ಕಾರುಗಳಲ್ಲಿ ಬಂಪರ್ ಹಿಂದೆ ರಾಡಾರ್, ಮುಂದಿನ ಗಾಜಿನ ಮೇಲ್ಭಾಗದಲ್ಲಿ ಕ್ಯಾಮೆರಾ ಇರುತ್ತದೆ. ತಾನೇ ಬ್ರೇಕ್ ಹಾಕುವ, ಲೇನ್ ಬಿಡದಂತೆ ನೋಡುವ ವ್ಯವಸ್ಥೆಗಳು ನಂಬಿರುವುದು ಇವುಗಳನ್ನೇ. ಬಂಪರ್, ಗಾಜು ಬದಲಾಯಿಸಿದ ಮೇಲೆ ಇವುಗಳನ್ನು ಮತ್ತೆ ಗುರಿಗೆ ಹೊಂದಿಸಬೇಕು. ಅದಕ್ಕೆ ಕ್ಯಾಲಿಬ್ರೇಷನ್ ಎನ್ನುತ್ತಾರೆ. ಎಸ್ಟಿಮೇಟ್‌ನಲ್ಲಿ ಈ ಸಾಲು ಇಲ್ಲದಿದ್ದರೆ ಯಾಕಿಲ್ಲ ಎಂದು ಕೇಳಿ.

ಎಲೆಕ್ಟ್ರಿಕ್ ಮತ್ತು ಹೈಬ್ರಿಡ್ ಕಾರಿನ ವಿಷಯ ಬೇರೆ. ಎಲೆಕ್ಟ್ರಿಕ್ ಕಾರಿನಲ್ಲಿ ಬ್ಯಾಟರಿ ಪ್ಯಾಕ್ ಅಡಿಯಲ್ಲಿ ಹರಡಿರುವುದು ಹೆಚ್ಚು. ಅದು ಆ ಕಾರಿನ ಅತ್ಯಂತ ದುಬಾರಿ ಭಾಗವೂ ಹೌದು. ಒಳಗಿನ ಸೆಲ್‌ಗೆ ಪೆಟ್ಟಾಗಿದ್ದರೆ ಗಂಟೆಗಳ ನಂತರ, ಕೆಲವೊಮ್ಮೆ ದಿನಗಳ ನಂತರವೂ ಬೆಂಕಿ ಹೊತ್ತಿಕೊಳ್ಳಬಹುದು. ಹಾಗಾಗಿ ಅಡಿಯಿಂದ ಪೆಟ್ಟು ತಿಂದ ಕಾರನ್ನು ಮನೆಯ ಗ್ಯಾರೇಜಿನೊಳಗೆ ಅಥವಾ ಕಟ್ಟಡಕ್ಕೆ ಅಂಟಿಕೊಂಡು ನಿಲ್ಲಿಸಬೇಡಿ. ಕಿತ್ತಳೆ ಬಣ್ಣದ ದಪ್ಪ ಕೇಬಲ್‌ಗಳನ್ನು ಮುಟ್ಟಬೇಡಿ, ಅವು ಹೈ ವೋಲ್ಟೇಜ್‌ನವು. ಪ್ಯಾಕಿನ ಹೊರಕವಚ ಜಜ್ಜಿದೆಯಾ, ಕೂಲೆಂಟ್ ಒಳಗೆ ಸೋರಿದೆಯಾ, ಸೆಲ್‌ಗಳ ವೋಲ್ಟೇಜ್ ಮತ್ತು ಇನ್ಸುಲೇಷನ್ ಸರಿ ಇದೆಯಾ ಎಂದು ಆ ಕಾರಿನ ತರಬೇತಿ ಪಡೆದವರು ಪರೀಕ್ಷಿಸಿ ಬರೆದು ಕೊಡಬೇಕು. ಪ್ಯಾಕನ್ನೇ ಬದಲಾಯಿಸಬೇಕು ಎಂದಾದರೆ, ಮತ್ತು ವಿಮೆ ಅದನ್ನು ಭರಿಸುವುದಿಲ್ಲ ಎಂದಾದರೆ, ಬಹುತೇಕ ಸಲ ಅಲ್ಲಿಗೇ ನಿರ್ಧಾರವಾಯಿತು.

ಹಂತ 5: ಬಿಚ್ಚಿ ನೋಡಿದ ಎಸ್ಟಿಮೇಟ್ ತಗೊಳ್ಳಿ

ಮೊದಲ ಎಸ್ಟಿಮೇಟ್ ಹೊರಗೆ ಕಂಡದ್ದರ ಬೆಲೆ. ಬಂಪರ್ ಬಿಚ್ಚಿದಾಗ ಒಡೆದ ಬ್ರಾಕೆಟ್ ಸಿಗುತ್ತದೆ, ಅದರ ಹಿಂದೆ ಸೀಳಿದ ಎಸಿ ಕಂಡೆನ್ಸರ್, ಅದರ ಹಿಂದೆ ಬಾಗಿದ ಫ್ಯಾನ್. ಅರ್ಧ ಕೆಲಸವಾದ ಮೇಲೆ "ಇನ್ನಷ್ಟು ಸಿಕ್ಕಿದೆ" ಎಂದು ಫೋನ್ ಬಂದಾಗ ನಿಮ್ಮ ಕೈ ಕಟ್ಟಿದಂತಾಗುತ್ತದೆ, ಅಲ್ವಾ? ಬಿಚ್ಚಿದ ಕಾರನ್ನು ಬೇರೆ ಕಡೆ ಒಯ್ಯುವುದೂ ಕಷ್ಟ, ಹಾಗೇ ಮಾರುವುದೂ ಕಷ್ಟ. ಅದಕ್ಕೇ ಪೇಂಟ್, ಪಾರ್ಟ್ಸ್ ಆರ್ಡರ್ ಮಾಡುವ ಮೊದಲೇ ಹಾನಿಯಾದ ಬದಿಯನ್ನು ಪೂರ್ತಿ ಬಿಚ್ಚಿ ನೋಡಲು ಹೇಳಿ. ಇದಕ್ಕೆ ಸ್ವಲ್ಪ ಕೂಲಿ ಕೇಳಬಹುದು, ಕೊಡಿ. ಕೊಟ್ಟ ದುಡ್ಡಿಗೆ ಮೋಸವಿಲ್ಲದ ಖರ್ಚು ಇದು.

ಎಸ್ಟಿಮೇಟ್ ಕೈಗೆ ಬಂದಾಗ ಕೆಳಗಿನ ಮೊತ್ತಕ್ಕಿಂತ ಸಾಲುಗಳನ್ನು ಓದಿ. ಪ್ರತಿ ಭಾಗದ ಮುಂದೆ ಬದಲಾಯಿಸುವುದೋ, ಸರಿಪಡಿಸುವುದೋ ಎಂದು ಬರೆದಿರಬೇಕು. ಬದಲಾಯಿಸುವುದಾದರೆ ಕಂಪನಿಯದ್ದೋ, ಬೇರೆಯವರು ತಯಾರಿಸಿದ್ದೋ, ಹಳೆಯ ಕಾರಿನಿಂದ ತೆಗೆದದ್ದೋ ಎಂದಿರಬೇಕು. ಬಾಗಿಲು, ಕನ್ನಡಿ, ಡಿಕ್ಕಿಯ ಮುಚ್ಚಳ ಇಂಥವಕ್ಕೆ ಒಳ್ಳೆಯ ಸ್ಥಿತಿಯ ಹಳೆಯ ಭಾಗ ಹಾಕಿದರೆ ತಪ್ಪಿಲ್ಲ, ಖರ್ಚು ಇಳಿಯುತ್ತದೆ. ಸಸ್ಪೆನ್ಷನ್, ಸ್ಟೀರಿಂಗ್, ಬ್ರೇಕ್, ಏರ್‌ಬ್ಯಾಗ್‌ಗೆ ಹಳೆಯದು ಬೇಡ. ಎರಡು ಕಡೆ ಎಸ್ಟಿಮೇಟ್ ತಗೊಂಡು ಸಾಲು ಸಾಲಾಗಿ ಹೋಲಿಸಿ. ಒಬ್ಬರಲ್ಲಿ ಇದ್ದು ಇನ್ನೊಬ್ಬರಲ್ಲಿ ಇಲ್ಲದ ಸಾಲು ಯಾವುದು? ಆ ಸಾಲಿನ ಬಗ್ಗೆ ಇಬ್ಬರನ್ನೂ ಕೇಳಿದರೆ ನಿಜ ಹೊರಬರುತ್ತದೆ.

ಹಂತ 6: ಕಾರಿನ ಬೆಲೆ ಎಷ್ಟಿತ್ತು?

ಅಪಘಾತದ ಹಿಂದಿನ ದಿನ ಆ ಕಾರನ್ನು ಮಾರಿದ್ದರೆ ಎಷ್ಟು ಬರುತ್ತಿತ್ತು? ಬೇಕಾದದ್ದು ಆ ಅಂಕಿ. ನೀವು ಕೊಂಡ ಬೆಲೆಗೆ ಇಲ್ಲಿ ಜಾಗವಿಲ್ಲ. ಹೋದ ತಿಂಗಳು ಕ್ಲಚ್‌ಗೆ ಹಾಕಿದ ದುಡ್ಡಿಗೂ ಅಷ್ಟೇ. ಆ ದುಡ್ಡು ಆಗಲೇ ಹೋಗಿದೆ. ರಿಪೇರಿ ಮಾಡಿಸಿದರೂ, ಬಿಟ್ಟರೂ ಅದು ಮರಳಿ ಬರುವುದಿಲ್ಲ. ಎಷ್ಟೋ ಜನ "ಇಷ್ಟೆಲ್ಲ ಹಾಕಿದೀನಲ್ಲ" ಎಂದು ಕಾರಿಗೆ ಅಂಟಿಕೊಳ್ಳುವುದನ್ನು ನೋಡಿದ್ದೇನೆ. ಆ ಸಂಕಟ ನಿಜವಾದದ್ದೇ, ಆದರೆ ಲೆಕ್ಕಕ್ಕೆ ಅದನ್ನು ತರಬೇಡಿ.

ಅದೇ ಮಾದರಿ, ಅದೇ ವರ್ಷ, ಹತ್ತಿರ ಹತ್ತಿರ ಅಷ್ಟೇ ಕಿಲೋಮೀಟರ್ ಓಡಿದ ಕಾರುಗಳ ಮಾರಾಟದ ಜಾಹೀರಾತು ಐದಾರು ಹುಡುಕಿ. ಜಾಹೀರಾತಿನಲ್ಲಿರುವುದು ಕೇಳುವ ಬೆಲೆ, ಕೊನೆಗೆ ಕೈಗೆ ಬರುವುದು ಸ್ವಲ್ಪ ಕಡಿಮೆ. ಸ್ಕ್ರೀನ್‌ಶಾಟ್ ತೆಗೆದಿಡಿ, ವಿಮೆಯವರ ಜೊತೆ ಮಾತಾಡುವಾಗ ಬೇಕು. ಹಾಗೆಯೇ ಈಗಿರುವ ಸ್ಥಿತಿಯಲ್ಲೇ ಕಾರನ್ನು ಎಷ್ಟಕ್ಕೆ ಕೊಳ್ಳುತ್ತಾರೆ ಎಂದು ಅಪಘಾತದ ಕಾರು ಕೊಳ್ಳುವ ಇಬ್ಬರನ್ನಾದರೂ ಕೇಳಿ.

ಹಂತ 7: ಲೆಕ್ಕ

ಅಪಘಾತಕ್ಕೆ ಮೊದಲು ಕಾರಿನ ಬೆಲೆ 100 ಎಂದುಕೊಳ್ಳಿ. ಈಗ ಹಾಗೇ ಮಾರಿದರೆ 35 ಬರುತ್ತದೆ. ರಿಪೇರಿಗೆ 45. ರಿಪೇರಿಯಾದ ಮೇಲೆ ಮತ್ತೆ 100 ಆಗುತ್ತದಾ? ಆಗುವುದಿಲ್ಲ. ದೊಡ್ಡ ಅಪಘಾತವಾದ ಕಾರು ಎಂದು ಗೊತ್ತಾದರೆ ಕೊಳ್ಳುವವರು ಕಡಿಮೆಯೇ ಕೇಳುತ್ತಾರೆ. 85 ಎಂದಿಟ್ಟುಕೊಳ್ಳಿ.

ಅಂದರೆ 35ರ ವಸ್ತುವನ್ನು 85ರ ವಸ್ತು ಮಾಡಲು 45 ಹಾಕುತ್ತಿದ್ದೀರಿ. ಬೆಲೆ ಏರಿದ್ದು 50, ಖರ್ಚು 45. ನಿಮಗೆ ಉಳಿದದ್ದು 5. ಬಿಚ್ಚಿದಾಗ ಇನ್ನೂ 8ರ ಹಾನಿ ಸಿಕ್ಕಿತು ಎನ್ನಿ, ಖರ್ಚು 53 ಆಯಿತು. ಈಗ 3 ನಷ್ಟ. "ರಿಪೇರಿ ಕಾರಿನ ಬೆಲೆಯ ಅರ್ಧ ದಾಟದಿದ್ದರೆ ಮಾಡಿಸು" ಎನ್ನುವ ಬಾಯಿಮಾತಿನ ನಿಯಮ ಈ ಕಾರಿಗೆ ಮೊದಲು ಹೌದು ಅನ್ನುತ್ತಿತ್ತು. ಹಾಗೇ ಮಾರಿದರೆ ಬರುವ ಬೆಲೆಯನ್ನೂ, ರಿಪೇರಿಯ ನಂತರ ಇಳಿಯುವ ಬೆಲೆಯನ್ನೂ ಆ ನಿಯಮ ನೋಡುವುದೇ ಇಲ್ಲ.

ಈ ಲೆಕ್ಕ ಇಡೀ ಖರ್ಚು ನಿಮ್ಮ ಜೇಬಿನದ್ದಾದಾಗ. ವಿಮೆ 45ರಲ್ಲಿ 40 ಕೊಡುತ್ತದೆ ಎಂದರೆ ನಿಮ್ಮ ಪಾಲು 5 ಮಾತ್ರ. ಆಗ ರಿಪೇರಿ ಕಡೆ ತಕ್ಕಡಿ ಜೋರಾಗಿ ವಾಲುತ್ತದೆ, ಮೈಕಟ್ಟು ಸರಿ ಇದ್ದರೆ. ಕ್ಲೇಮ್ ಮಾಡಿದ್ದರಿಂದ ಕೈತಪ್ಪುವ ರಿಯಾಯಿತಿ, ಮುಂದೆ ಏರುವ ಪ್ರೀಮಿಯಂ ಇವನ್ನೂ ನಿಮ್ಮ ಪಾಲಿಗೆ ಸೇರಿಸಿ. ಸಣ್ಣ ಹಾನಿಗೆ ಕ್ಲೇಮ್ ಮಾಡದೆ ಕೈಯಿಂದ ಕೊಡುವುದೇ ಅಗ್ಗವಾಗುವುದು ಇದರಿಂದಲೇ.

ಬೇರೆ ಕಾರಿನ ಕಡೆಯ ಲೆಕ್ಕವನ್ನೂ ಪ್ರಾಮಾಣಿಕವಾಗಿ ಮಾಡಬೇಕು. ಅಲ್ಲಿ ನೋಂದಣಿ, ತೆರಿಗೆ, ಹೊಸ ವಿಮೆ, ಸಾಲ ತಗೊಂಡರೆ ಬಡ್ಡಿ ಇವೆ. ಬೇರೆಯವರ ಹಳೆಯ ಕಾರು ತಗೊಂಡರೆ ಅದರ ಚರಿತ್ರೆ ನಿಮಗೆ ಗೊತ್ತಿಲ್ಲ. ನಿಮ್ಮ ಕಾರಿನ ಗುಣ, ದೋಷ ಎರಡೂ ಗೊತ್ತು. ಅದಕ್ಕೂ ಒಂದು ಬೆಲೆ ಇದೆ. ಹೋಲಿಕೆ ಮಾತ್ರ ಸಮಾನವಾಗಿರಲಿ. ರಿಪೇರಿ ಖರ್ಚನ್ನು ಶೋರೂಮಿನ ಹೊಸ ಕಾರಿನ ಬೆಲೆ ಜೊತೆ ಹೋಲಿಸಿದರೆ ರಿಪೇರಿ ಯಾವಾಗಲೂ ಅಗ್ಗವಾಗಿಯೇ ಕಾಣುತ್ತದೆ. ನಿಮ್ಮ ಕಾರಿನಂಥದೇ, ಅಷ್ಟೇ ಹಳೆಯ ಇನ್ನೊಂದು ಕಾರಿನ ಜೊತೆ ಹೋಲಿಸಿ.

ಎಷ್ಟು ವರ್ಷ ಇಟ್ಟುಕೊಳ್ಳುತ್ತೀರಿ ಅನ್ನುವುದೂ ಮುಖ್ಯ. ಇನ್ನು ಒಂದು ವರ್ಷದಲ್ಲಿ ಮಾರುವ ಯೋಚನೆ ಇದ್ದರೆ, ಇಳಿದ ಬೆಲೆ ನೇರವಾಗಿ ನಿಮಗೆ ತಟ್ಟುತ್ತದೆ. ಹಾಳಾಗುವವರೆಗೆ ಓಡಿಸುವವರಿಗೆ ಆ 15 ಅಷ್ಟೇನೂ ಕಾಡುವುದಿಲ್ಲ. ಅವರು ನೋಡಬೇಕಾದದ್ದು ಎಂಜಿನ್, ಗೇರ್‌ಬಾಕ್ಸ್, ತುಕ್ಕು. ಇವು ಹೇಗೂ ದೊಡ್ಡ ಖರ್ಚಿನ ಹೊಸ್ತಿಲಲ್ಲಿವೆಯಾ?

ಲೆಕ್ಕಕ್ಕೆ ಸಿಗದ ಒಂದು ವಿಷಯವೂ ಇದೆ. ಕೆಲವರಿಗೆ ಆ ಕಾರಿನಲ್ಲಿ ಮತ್ತೆ ಕೂರಲು ಕೈಕಾಲು ನಡುಗುತ್ತದೆ. ಮನೆಯವರೊಬ್ಬರಿಗೆ ಹಾಗಾಗುತ್ತಿದ್ದರೆ, ಲೆಕ್ಕ ರಿಪೇರಿ ಎಂದರೂ ಬಿಟ್ಟುಬಿಡಿ.

ಹಂತ 8: ವಿಮೆಯವರು ಟೋಟಲ್ ಲಾಸ್ ಎಂದರೆ

ಯಾವ ಹಂತ ದಾಟಿದರೆ ಟೋಟಲ್ ಲಾಸ್ ಎಂಬ ನಿಯಮ ಎಲ್ಲ ಕಡೆ ಒಂದೇ ಅಲ್ಲ. ಭಾರತದಲ್ಲಿ ರಿಪೇರಿ ಖರ್ಚು ಪಾಲಿಸಿಯಲ್ಲಿ ಬರೆದ ಘೋಷಿತ ಮೌಲ್ಯದ 75 ಶೇಕಡಾ ದಾಟಬೇಕು. ಅಮೆರಿಕದಲ್ಲಿ ರಾಜ್ಯಕ್ಕೊಂದು ನಿಯಮ: ನ್ಯೂಯಾರ್ಕ್‌ನಲ್ಲಿ 75 ಶೇಕಡಾ, ಟೆಕ್ಸಾಸ್‌ನಲ್ಲಿ 100. ಇನ್ನು ಕೆಲವು ರಾಜ್ಯಗಳಲ್ಲಿ ರಿಪೇರಿ ಖರ್ಚಿಗೆ ಗುಜರಿ ಬೆಲೆ ಕೂಡಿಸಿ, ಅದು ಕಾರಿನ ಬೆಲೆ ಮುಟ್ಟಿತೇ ಎಂದು ನೋಡುತ್ತಾರೆ. ಬ್ರಿಟನ್‌ನಲ್ಲಿ 2017ರಿಂದ ಎ, ಬಿ, ಎಸ್, ಎನ್ ಎಂಬ ನಾಲ್ಕು ವರ್ಗಗಳಿವೆ. ಎ ಮತ್ತು ಬಿ ಮತ್ತೆ ರಸ್ತೆಗೆ ಬರುವಂತಿಲ್ಲ. ಎಸ್ ಎಂದರೆ ಮೈಕಟ್ಟಿಗೆ ಹಾನಿ, ಎನ್ ಎಂದರೆ ಮೈಕಟ್ಟಿಗೆ ಹಾನಿಯಿಲ್ಲ. ಈ ಎರಡನ್ನು ಸರಿಪಡಿಸಿ ಓಡಿಸಬಹುದು. ಖರ್ಚು ಮತ್ತು ಮೈಕಟ್ಟನ್ನು ಬೇರೆ ಬೇರೆಯಾಗಿ ನೋಡುವ ಈ ಪದ್ಧತಿ ನನಗೆ ಹಿಡಿಸುತ್ತದೆ. ಮೈಕಟ್ಟು ಗಟ್ಟಿಯಾಗಿದ್ದೂ ಬರೀ ಖರ್ಚಿನಿಂದ ಟೋಟಲ್ ಲಾಸ್ ಆದ ಕಾರಿಗೂ, ಪಿಲ್ಲರ್ ಬಾಗಿದ ಕಾರಿಗೂ ಅಜಗಜಾಂತರ.

ಅವರು ಹೇಳಿದ ಬೆಲೆ ಕಡಿಮೆ ಅನಿಸಿದರೆ ಮೊದಲ ಅಂಕಿಗೇ ಒಪ್ಪಬೇಡಿ. ಹೇಗೆ ಲೆಕ್ಕ ಹಾಕಿದಿರಿ ಎಂದು ಬರಹದಲ್ಲಿ ಕೇಳಿ. ಮೊತ್ತವನ್ನು ಪಾಲಿಸಿಯಲ್ಲೇ ಮೊದಲೇ ನಿಗದಿ ಮಾಡಿದ್ದರೆ ಕಳೆದ ಕಡಿತಗಳನ್ನು ಪರೀಕ್ಷಿಸಿ. ಮಾರುಕಟ್ಟೆ ಬೆಲೆ ಕೊಡುವ ಪಾಲಿಸಿಯಾದರೆ ನೀವು ತೆಗೆದಿಟ್ಟ ಸ್ಕ್ರೀನ್‌ಶಾಟ್, ಸರ್ವಿಸ್ ದಾಖಲೆ, ಹೊಸ ಟೈರಿನ ಬಿಲ್ ಮುಂದಿಡಿ. ವೇರಿಯಂಟ್ ತಪ್ಪಾಗಿ ಹಾಕಿರುವುದು, ಕಿಲೋಮೀಟರ್ ತಪ್ಪಾಗಿ ಬರೆದಿರುವುದು ಅಪರೂಪವಲ್ಲ.

ಇದರ ಉಲ್ಟಾ ಸಮಸ್ಯೆಯೂ ಬರುತ್ತದೆ. ಖರ್ಚು ಮಿತಿಯ ಹತ್ತಿರ ಬಂದು ನಿಂತಿದೆ, ವಿಮೆಯವರು ರಿಪೇರಿಯೇ ಮಾಡಿಸಿ ಅನ್ನುತ್ತಿದ್ದಾರೆ, ನಿಮಗೆ ಅನುಮಾನ. ಆಗ ಅಳತೆಯ ಪ್ರಿಂಟ್ ಮತ್ತು ಬಿಚ್ಚಿ ನೋಡಿದ ಎಸ್ಟಿಮೇಟ್ ಇಟ್ಟು ಮಾತಾಡಿ. ಮರುಪರಿಶೀಲನೆಗೆ, ಹಾನಿ ಅಂದಾಜು ಮಾಡುವ ಸರ್ವೇಯರನ್ನು ಕರೆಸಿ. ಸುಮ್ನೆ ಬೇಡ ಅಂದರೆ ಯಾರೂ ಕೇಳುವುದಿಲ್ಲ, ಪಟ್ಟಿ ಕೊಟ್ಟರೆ ಕೇಳಲೇಬೇಕಾಗುತ್ತದೆ.

ಟೋಟಲ್ ಲಾಸ್ ಆದ ಕಾರನ್ನು ನೀವೇ ಉಳಿಸಿಕೊಳ್ಳಲು ಬಿಡುವುದುಂಟು. ಆಗ ಅದರ ಗುಜರಿ ಬೆಲೆ ಕಳೆದು ಉಳಿದದ್ದನ್ನು ಕೊಡುತ್ತಾರೆ. ಅನೇಕ ಕಡೆ ಕಾರಿನ ದಾಖಲೆಯಲ್ಲಿ ಅದು ಶಾಶ್ವತವಾಗಿ ನಮೂದಾಗುತ್ತದೆ, ಮತ್ತೆ ತಪಾಸಣೆ ಮಾಡಿಸಬೇಕಾಗುತ್ತದೆ, ಪೂರ್ಣ ವಿಮೆ ಸಿಗುವುದು ಕಷ್ಟ. ಮೈಕಟ್ಟಿಗೆ ಹಾನಿಯಿಲ್ಲದ ಹಳೆಯ ಕಾರಿಗೆ ಮಾತ್ರ ಇದನ್ನು ಯೋಚಿಸಿ.

ಕಾರಿನ ಮೇಲೆ ಸಾಲ ಇದ್ದರೆ ವಿಮೆಯ ಹಣ ಮೊದಲು ಸಾಲಕ್ಕೆ ಹೋಗುತ್ತದೆ. ಬಾಕಿ ಸಾಲ ಜಾಸ್ತಿ, ಬಂದ ಹಣ ಕಡಿಮೆ ಎಂದಾದರೆ ಇಲ್ಲದ ಕಾರಿಗೆ ಕಂತು ಕಟ್ಟುವ ಸ್ಥಿತಿ ಬರುತ್ತದೆ. ಸಹಿ ಹಾಕುವ ಮೊದಲೇ ಬ್ಯಾಂಕಿನಿಂದ ಬಾಕಿ ಎಷ್ಟೆಂದು ಬರೆಸಿಕೊಳ್ಳಿ.

ಹಂತ 9: ರಿಪೇರಿ ಎಂದು ನಿರ್ಧರಿಸಿದರೆ

ಕೆಲಸ ನಡೆಯುವಾಗಿನ ಫೋಟೋ ಕೇಳಿ, ಮುಖ್ಯವಾಗಿ ಪೇಂಟ್ ಹೊಡೆಯುವ ಮೊದಲು ವೆಲ್ಡ್ ಕಾಣುವ ಫೋಟೋ. ಬದಲಾಯಿಸಿದ ಹಳೆಯ ಭಾಗಗಳನ್ನು ತೋರಿಸಲು ಹೇಳಿ. ಕಾರು ತಗೊಳ್ಳಲು ಹಗಲಲ್ಲೇ ಹೋಗಿ, ಮಳೆ ಇಲ್ಲದ ದಿನ. ಒದ್ದೆ ಕಾರಿನಲ್ಲಿ ಬಣ್ಣದ ವ್ಯತ್ಯಾಸ, ಸುಕ್ಕು ಕಾಣುವುದಿಲ್ಲ.

ಕೀಲಿ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಮೊದಲು ಹತ್ತಬೇಕು, ಕೆಲವು ಸೆಕೆಂಡಿನಲ್ಲಿ ಆರಬೇಕು. ಹತ್ತಿಯೇ ಇಲ್ಲವೆಂದರೆ ದೀಪವನ್ನೇ ತೆಗೆದಿರಬಹುದು. ಸಮತಟ್ಟಾದ ರಸ್ತೆಯಲ್ಲಿ ಓಡಿಸಿ: ಸ್ಟೀರಿಂಗ್ ನೇರ ಇದ್ದಾಗ ಕಾರು ನೇರ ಹೋಗುತ್ತದಾ, ಬ್ರೇಕ್ ಹಾಕಿದಾಗ ಒಂದು ಬದಿಗೆ ಎಳೆಯುತ್ತದಾ, ವೇಗದಲ್ಲಿ ಬಾಗಿಲಿನಿಂದ ಗಾಳಿಯ ಸದ್ದು ಬರುತ್ತದಾ. ಪೈಪಿನಿಂದ ನೀರು ಹಾಯಿಸಿ ಒಳಗೆ ಜಿನುಗುತ್ತದಾ ನೋಡಿ. ಅಳತೆಯ ಕೊನೆಯ ಪ್ರಿಂಟ್, ಅಲೈನ್‌ಮೆಂಟ್ ವರದಿ, ಕ್ಯಾಲಿಬ್ರೇಷನ್ ವರದಿ, ಬಿಲ್, ಕೆಲಸಕ್ಕೆ ಬರಹದ ಗ್ಯಾರಂಟಿ, ಇವು ಐದೂ ಕೈಗೆ ಬಂದ ಮೇಲೆ ಬಾಕಿ ಹಣ ಕೊಡಿ. ಮುಂದಿನ ಕೆಲವು ತಿಂಗಳು ಟೈರ್ ಒಂದೇ ಅಂಚಿನಲ್ಲಿ ಸವೆಯುತ್ತಿದೆಯಾ, ವೆಲ್ಡ್ ಆದ ಜಾಗದಲ್ಲಿ ತುಕ್ಕು ಏಳುತ್ತಿದೆಯಾ ನೋಡುತ್ತಿರಿ. ಎದ್ದರೆ ಗ್ಯಾರಂಟಿ ಇರುವಾಗಲೇ ಒಯ್ಯಿರಿ.

ಹಂತ 10: ಬಿಟ್ಟುಬಿಡುವುದಾದರೆ

ಕಾರು ಕೊಡುವಾಗ ಹಾನಿಯ ವಿವರವನ್ನು ಮುಚ್ಚಿಡದೆ ಬರಹದಲ್ಲಿ ಕೊಡಿ. ಮುಂದೆ ಅದರಲ್ಲಿ ಕೂರುವವರೂ ಯಾರದ್ದೋ ಮನೆಯವರೇ. ಗುಜರಿಗೆ ಕೊಡುವುದಾದರೆ ನೋಂದಣಿ ರದ್ದಾದ ದಾಖಲೆ ಪಡೆಯಿರಿ, ಮಾರುವುದಾದರೆ ಮಾಲೀಕತ್ವ ಬೇರೆಯವರ ಹೆಸರಿಗೆ ಹೋಗಿದ್ದನ್ನು ಖಚಿತ ಮಾಡಿಕೊಳ್ಳಿ. ಅಲ್ಲಿಯವರೆಗೆ ವಿಮೆ ರದ್ದು ಮಾಡಬೇಡಿ. ಸ್ಟೀರಿಯೋದಲ್ಲಿ ಉಳಿದ ಫೋನ್ ಸಂಪರ್ಕಗಳು, ಮನೆಯ ವಿಳಾಸ, ಕಾರಿನ ಆ್ಯಪ್ ಖಾತೆ ಎಲ್ಲ ಅಳಿಸಿ. ಟೋಲ್ ಸ್ಟಿಕ್ಕರ್ ತೆಗೆದು ಅದರ ಖಾತೆ ಮುಚ್ಚಿಸಿ. ಸೀಟಿನ ಅಡಿ, ಗ್ಲೋವ್ ಬಾಕ್ಸ್, ಸ್ಟೆಪ್ನಿ ಗುಂಡಿ ಒಮ್ಮೆ ತಡಕಾಡಿ. ಆಮೇಲೆ ಎರಡೂ ಕೀಲಿ ಕೊಟ್ಟು, ಕೊಟ್ಟ ದಿನಾಂಕ ಮತ್ತು ಸಮಯ ಬರೆದ ರಸೀದಿಗೆ ಸಹಿ ಪಡೆಯಿರಿ.